ಬಸುರಿಯ ಜ್ವರಕ್ಕೆ ಗಂಟೆಗಳ ಲೆಕ್ಕ

ನಮ್ಮ ಮನೆಯ ದಾದಿಗೆ ತಾವು ಹುಟ್ಟಿದ ತಾರೀಖು ಗೊತ್ತಿರಲಿಲ್ಲ. ಯಾರಾದರೂ ವಯಸ್ಸು ಕೇಳಿದರೆ, "ಬಡಾ ಬುಖಾರ್ ಬಂದು ಹೋಯಿತಲ್ಲ, ಅದಾದ ಮೇಲಿನ ಚಳಿಗಾಲ" ಎಂದುಬಿಡುತ್ತಿದ್ದರು. ರೇಷನ್ ಕಾರ್ಡು ಬರೆಯಲು ಬಂದ ಗುಮಾಸ್ತರು ತಮಗೆ ತೋಚಿದ ಒಂದು ವರ್ಷವನ್ನು ಬರೆದುಕೊಂಡು ಹೋಗಿದ್ದರು. ಬಹಳ ಕಾಲದ ನಂತರ ನಾವೇ ಕುಳಿತು ಲೆಕ್ಕ ಹಾಕಿದೆವು. ಬಡಾ ಬುಖಾರ್ ಎಂದರೆ 1918ರ ಇನ್‌ಫ್ಲುಯೆಂಜಾ. ಹಾಗಾದರೆ ದಾದಿ ಹುಟ್ಟಿದ್ದು 1919ರ ಆರಂಭದಲ್ಲಿ. ಆ ಜ್ವರ ಊರೂರು ಸುತ್ತುತ್ತಿದ್ದಾಗ ಅವರು ತಾಯಿಯ ಹೊಟ್ಟೆಯಲ್ಲಿದ್ದರು.

ದಾದಿಯ ತಂದೆ ಬೀರೂರಿನಲ್ಲಿ ರೈಲ್ವೆ ಗ್ಯಾಂಗಿನ ಕೂಲಿ. ಆ ಒಂದು ಮನೆಯಲ್ಲಿ ಆಗ ಮೂವರು ಬಸುರಿಯರು, ಮೂವರೂ ಓರಗಿತ್ತಿಯರು. ಎಂಟೇ ದಿನಗಳಲ್ಲಿ ಇಬ್ಬರು ಹೋದರು. ಒಬ್ಬಳ ಮಗು ಹೊಟ್ಟೆಯಲ್ಲೇ ಹೋಯಿತು, ಇನ್ನೊಬ್ಬಳದು ಹುಟ್ಟಿ ಅರ್ಧ ದಿನ ಉಸಿರಾಡಿತು. ಉಳಿದವರು ದಾದಿಯ ತಾಯಿ ಮಾತ್ರ. "ನೀನು ಹೊಟ್ಟೆಯಲ್ಲೇ ಬುಖಾರ್ ಕುಡಿದವಳು" ಎಂದು ಆಕೆ ಮಗಳಿಗೆ ಹೇಳುತ್ತಿದ್ದರಂತೆ. ದಾದಿಗೆ ಈ ಮಾತು ಬಹಳ ಹಿಡಿಸಿತ್ತು. ನೆಗಡಿಯಾದರೆ ಮಾತ್ರೆ ನುಂಗಲು ಒಪ್ಪದೆ, "ಅಂಥ ಬುಖಾರನ್ನೇ ಕುಡಿದವಳಿಗೆ ಇದೇನು" ಎನ್ನುತ್ತಿದ್ದರು.

ಇಲ್ಲಿ ನಾವು ಎಂದರೆ ನಮ್ಮ ಮನೆಯ ಐವರು ಹೆಂಗಸರು, ಇಬ್ಬರು ಹೆಣ್ಣುಮಕ್ಕಳು, ಮೂವರು ಸೊಸೆಯರು. ಬರೆಯುತ್ತಿರುವ ಕೈ ಒಂದೇ ಆದರೂ ಮಾತು ಐವರದ್ದು. ನಮ್ಮೈವರಿಗೆ ಸೇರಿ ಹದಿಮೂರು ಬಸಿರು, ಹನ್ನೊಂದು ಮಕ್ಕಳು. ಬಸಿರು, ಬಾಣಂತನದ ಬಗ್ಗೆ ನಮ್ಮ ಅಡುಗೆಮನೆಯಲ್ಲಿ ನಡೆದಷ್ಟು ಮಾತು ಬೇರಾವ ವಿಷಯದ ಬಗ್ಗೆಯೂ ನಡೆದಿಲ್ಲ. ಏನು ತಿನ್ನಬಾರದು, ಎಲ್ಲಿ ಕೂರಬಾರದು, ಯಾವ ಹೊತ್ತಿನಲ್ಲಿ ಅಂಗಳಕ್ಕೆ ಇಳಿಯಬಾರದು ಎಂಬುದಕ್ಕೆಲ್ಲ ನಮ್ಮಲ್ಲಿ ಕಾನೂನು ಇದೆ. ಆದರೆ ಬಸುರಿಗೆ ಮೈ ಕಾದರೆ ಏನು ಮಾಡಬೇಕು ಎಂಬುದಕ್ಕೆ ಒಂದೇ ಉತ್ತರ: ಬಸುರಿಗೆ ಮಾತ್ರೆ ಕೊಡಬಾರದು.

1918ರ ಜೂನ್ ತಿಂಗಳಲ್ಲಿ ಬೊಂಬಾಯಿಯ ಹಡಗುಕಟ್ಟೆಯಲ್ಲಿ ಕಾವಲಿದ್ದ ಕೆಲವು ಪೊಲೀಸ್ ಸಿಪಾಯಿಗಳು ಜ್ವರವೆಂದು ಆಸ್ಪತ್ರೆ ಸೇರಿದರು. ಭಾರತದ ಕತೆ ಅಲ್ಲಿಂದ ಶುರುವಾಗುತ್ತದೆ. ಮೊದಲ ಅಲೆ ಸೌಮ್ಯವಾಗಿತ್ತು. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆ ರೈಲು ಹೋದಲ್ಲೆಲ್ಲ ಹೋಯಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರಗಳು ಆಗ ಸೇರಿದ್ದ ಬೊಂಬಾಯಿ ಪ್ರಾಂತ್ಯವೊಂದರಲ್ಲೇ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಸತ್ತರು. ಇಡೀ ದೇಶದ ಲೆಕ್ಕವನ್ನು ಒಬ್ಬೊಬ್ಬರು ಒಂದೊಂದು ರೀತಿ ಹಾಕಿದ್ದಾರೆ. ಕಡಿಮೆಯೆಂದರೂ ಒಂದು ಕೋಟಿ ಇಪ್ಪತ್ತು ಲಕ್ಷ ಎಂದು ಒಂದು ಲೆಕ್ಕ, ಒಂದು ಕೋಟಿ ಎಂಬತ್ತು ಲಕ್ಷದವರೆಗೆ ಎಂದು ಇನ್ನೊಂದು. ನಮ್ಮ ಜನಗಣತಿಯ ಚರಿತ್ರೆಯಲ್ಲಿ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಇಳಿದದ್ದು ಒಮ್ಮೆ ಮಾತ್ರ, 1921ರಲ್ಲಿ.

ಈ ದೊಡ್ಡ ಲೆಕ್ಕದ ಒಳಗೆ ಇನ್ನೊಂದು ಸಣ್ಣ ಲೆಕ್ಕವಿದೆ. ಭಾರತದಲ್ಲಿ ಆ ಜ್ವರಕ್ಕೆ ಗಂಡಸರಿಗಿಂತ ಹೆಂಗಸರು ಹೆಚ್ಚು ಬಲಿಯಾದರು. ರೋಗಿಗಳ ಆರೈಕೆ ಮಾಡಿದವರು ಅವರು, ಕತ್ತಲೆ ಕೋಣೆಗಳಲ್ಲಿ ಉಳಿದವರು ಅವರು, ಕೊನೆಗೆ ಉಂಡವರೂ ಅವರೇ. ಮಕ್ಕಳನ್ನು ಹೆರುವ ವಯಸ್ಸಿನವರೇ ಹೆಚ್ಚಾಗಿ ಸತ್ತದ್ದರಿಂದ 1919ರಲ್ಲಿ ಹುಟ್ಟಿದವರ ಸಂಖ್ಯೆಯೂ ತೀವ್ರವಾಗಿ ಕುಸಿಯಿತು. ನಮ್ಮ ದಾದಿ ಹುಟ್ಟಿದ್ದು ತೊಟ್ಟಿಲುಗಳು ಖಾಲಿಯಿದ್ದ ಅಂಥ ವರ್ಷದಲ್ಲಿ.

ಅದೇ 1919ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಜಾನ್ ಹ್ಯಾರಿಸ್ ಎಂಬ ವೈದ್ಯರು ಜ್ವರ ತಗಲಿದ 1,350 ಗರ್ಭಿಣಿಯರ ವಿವರಗಳನ್ನು ಹಲವು ವೈದ್ಯರಿಂದ ಕಲೆಹಾಕಿ ಪ್ರಕಟಿಸಿದರು. ಅವರಲ್ಲಿ ಶೇ. 27 ಮಂದಿ ಸತ್ತಿದ್ದರು. ಜ್ವರ ನ್ಯುಮೋನಿಯಾಕ್ಕೆ ತಿರುಗಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಉಳಿಯಲಿಲ್ಲ. ನ್ಯುಮೋನಿಯಾ ಆಗದೆ ಸುಧಾರಿಸಿಕೊಂಡವರಲ್ಲೂ ಸುಮಾರು ಕಾಲು ಭಾಗ ಹೆಂಗಸರು ಬಸಿರು ಕಳೆದುಕೊಂಡಿದ್ದರು. ಇವು ಆಸ್ಪತ್ರೆಗೆ, ವೈದ್ಯರಿಗೆ ಗೊತ್ತಾದ ಪ್ರಕರಣಗಳು, ಆದ್ದರಿಂದ ತೀವ್ರವಾದವೇ ಹೆಚ್ಚು ಎಂದು ಇಟ್ಟುಕೊಳ್ಳೋಣ. ಹಾಗಿದ್ದರೂ ಬೀರೂರಿನ ಆ ಮನೆಯ ಮೂವರಲ್ಲಿ ಇಬ್ಬರು ಹೋದದ್ದು ಯಾರದೋ ದೃಷ್ಟಿ ತಾಗಿ ಅಲ್ಲ ಎಂಬುದು ನಮಗೆ ಅರ್ಥವಾದದ್ದು ಈ ಅಂಕಿಗಳನ್ನು ನೋಡಿದ ಮೇಲೆ. 1957ರಲ್ಲಿ ಏಷ್ಯನ್ ಫ್ಲೂ ಬಂತು. ಆ ವರ್ಷದ ಮೇ ತಿಂಗಳಲ್ಲಿ ಸಿಂಗಪುರದಿಂದ ಮದ್ರಾಸಿಗೆ ಬಂದ ಹಡಗಿನೊಂದಿಗೆ ಅದು ನಮ್ಮ ದೇಶಕ್ಕೂ ಇಳಿಯಿತು. ಆಗ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಆ ಜ್ವರಕ್ಕೆ ಸತ್ತ, ಹೆರುವ ವಯಸ್ಸಿನ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಬಸುರಿಯರಾಗಿದ್ದರು.

ಬಸುರಿಗೇ ಏಕೆ ಹೀಗೆ? ಬಸುರಿನ ಮೈ ಎರಡು ಜೀವಗಳಿಗಾಗಿ ದುಡಿಯುತ್ತದೆ. ಆಮ್ಲಜನಕದ ಬೇಡಿಕೆ ಸುಮಾರು ಶೇ. 20ರಷ್ಟು ಏರುತ್ತದೆ. ಹೃದಯ ಎಂದಿಗಿಂತ ಮೂರನೇ ಒಂದು ಭಾಗ, ಕೆಲವೊಮ್ಮೆ ಅರ್ಧದಷ್ಟು ಹೆಚ್ಚು ರಕ್ತ ತಳ್ಳಬೇಕಾಗುತ್ತದೆ. ಆದರೆ ಬೆಳೆಯುತ್ತಿರುವ ಗರ್ಭಕೋಶ ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶಕ್ಕೆ ಜಾಗ ಕಡಿಮೆ. ತಿಂಗಳು ತುಂಬಿದ ಬಸುರಿ ಮಹಡಿ ಮೆಟ್ಟಿಲ ನಡುವೆ ನಿಂತು ಏದುಸಿರು ಬಿಡುವುದನ್ನು ನಾವೆಲ್ಲ ನೋಡಿಲ್ಲವೇ? ಅಂಥ ಶ್ವಾಸಕೋಶಕ್ಕೆ ಸೋಂಕು ಇಳಿದರೆ ತಡೆದುಕೊಳ್ಳುವ ಶಕ್ತಿ ಬೇಗ ಮುಗಿಯುತ್ತದೆ. ಜೊತೆಗೆ ಇನ್ನೊಂದು ಸಂಗತಿ ಇದೆ. ಹೊಟ್ಟೆಯಲ್ಲಿರುವ ಮಗುವಿನ ಅರ್ಧ ಭಾಗ ತಂದೆಯದು, ತಾಯಿಯ ಮೈಗೆ ಅದು ಪರಕೀಯ. ಅದನ್ನು ಹೊರದಬ್ಬದೆ ಸಹಿಸಿಕೊಳ್ಳಲು ತಾಯಿಯ ರೋಗನಿರೋಧಕ ವ್ಯವಸ್ಥೆ ತನ್ನ ನಡೆಯನ್ನು ಬದಲಿಸಿಕೊಳ್ಳುತ್ತದೆ. ಕೆಲವು ವೈರಸ್‌ಗಳ ಎದುರು ಆಕೆ ಸುಲಭವಾಗಿ ಸೋಲುವುದಕ್ಕೆ ಇದೂ ಒಂದು ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ.

2009 ನಮ್ಮ ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಎಚ್‌1ಎನ್‌1 ಜಾಗತಿಕ ಪಿಡುಗೆಂದು ಘೋಷಿಸಿತು. ಆಗಸ್ಟ್ ಆರಂಭದಲ್ಲಿ ಪುಣೆಯಲ್ಲಿ ಒಬ್ಬ ಶಾಲಾ ಬಾಲಕಿ ಸತ್ತಳು, ಅದು ದೇಶದ ಮೊದಲ ಸಾವು. ಆಮೇಲೆ ಕರ್ನಾಟಕದಲ್ಲೂ ದಿನಾ ಸುದ್ದಿ. ಆ ಜ್ವರಕ್ಕೆ ಪತ್ರಿಕೆಗಳು ಇಟ್ಟ ಹೆಸರು ಹಂದಿಜ್ವರ. ಈ ಹೆಸರು ನಮ್ಮ ಮೊಹಲ್ಲಾಗಳಲ್ಲಿ ಮಾಡಿದ ಕೆಲಸವನ್ನು ಯಾರೂ ಬರೆದದ್ದು ನಾವು ಕಾಣೆವು. "ನಾವು ಹಂದಿ ಮುಟ್ಟುವವರಲ್ಲ, ನಮಗೆ ಹೇಗೆ ಬಂದೀತು?" ಎಂದು ನಿಶ್ಚಿಂತೆಯಿಂದ ಇದ್ದವರು ಎಷ್ಟೋ ಮಂದಿ. ಬಂದವರು ಅದನ್ನು ಹೇಳಿಕೊಳ್ಳಲು ನಾಚಿದರು. ಹೆಣ್ಣಿನ ಮನೆಗೆ ಸಂಬಂಧ ನೋಡಲು ಬರುವವರ ಕಿವಿಗೆ ಬಿದ್ದರೆ ಏನು ಗತಿ ಎಂದು ಬಾಗಿಲು ಹಾಕಿಕೊಂಡು ಕೆಮ್ಮಿದ ಮನೆಯೂ ನಮ್ಮ ಬೀದಿಯಲ್ಲಿತ್ತು. ಈಜಿಪ್ಟಿನ ಸರಕಾರವಂತೂ ಆ ವರ್ಷ ದೇಶದ ಲಕ್ಷಾಂತರ ಹಂದಿಗಳನ್ನು ಕೊಲ್ಲಲು ಆಜ್ಞೆ ಮಾಡಿತು. ಅವುಗಳನ್ನು ಸಾಕಿ, ಕೈರೋ ನಗರದ ಕಸದಿಂದ ಬದುಕುತ್ತಿದ್ದ ಬಡ ಕ್ರೈಸ್ತರ ಹೊಟ್ಟೆಗೆ ಹೊಡೆತ ಬಿತ್ತು. ಜ್ವರವೇನೂ ನಿಲ್ಲಲಿಲ್ಲ. ಅದು ಆಗಲೇ ಮನುಷ್ಯರಿಂದ ಮನುಷ್ಯರಿಗೆ, ಕೆಮ್ಮಿನಿಂದ, ಸೀನಿನಿಂದ, ಕೈಯಿಂದ ಹರಡುತ್ತಿತ್ತು.

ಆ ವರ್ಷದ ರಮಝಾನ್ ಆಗಸ್ಟ್ ಕೊನೆಯ ವಾರದಲ್ಲಿ ಶುರುವಾಯಿತು. ನಮ್ಮ ಛೋಟಿ ದುಲ್ಹನ್, ಅಂದರೆ ಮನೆಯ ಕಿರಿಯ ಸೊಸೆ, ಮೂವತ್ತನೇ ವಾರದ ಬಸುರಿ. ಗಂಡ ದಮ್ಮಾಮಿನಲ್ಲಿ. ಬೇಡವೆಂದರೂ ಕೇಳದೆ ಉಪವಾಸ ಹಿಡಿದಿದ್ದಳು. ಒಂದು ಭಾನುವಾರ ಮಧ್ಯಾಹ್ನ ಸಮೋಸದ ಹಿಟ್ಟು ನಾದುತ್ತಿದ್ದವಳು ಮೈಕೈ ನೋವೆಂದು ಗೋಡೆಗೆ ಒರಗಿ ಕುಳಿತಳು. ಹಣೆ ಮುಟ್ಟಿದರೆ ಕೆಂಡ. ರೋಗಿಗೆ ಉಪವಾಸ ಮುಂದೂಡುವ ಅನುಮತಿ ಕುರ್‌ಆನಿನಲ್ಲೇ ಇದೆ. ಗರ್ಭಿಣಿಗೂ ಹಾಲೂಡಿಸುವ ತಾಯಿಗೂ ಅದು ಸಲ್ಲುತ್ತದೆ ಎಂದು ಉಲಮಾಗಳು ಹೇಳಿದ್ದಾರೆ. ನಾವು ಅವಳಿಗೆ ನೀರು ಕುಡಿಸಿದೆವು. ಆದರೆ ಆಸ್ಪತ್ರೆಯ ಮಾತು ಬೇರೆ. ಅದು ನಮ್ಮ ಕೈಯಲ್ಲಿರಲಿಲ್ಲ.

"ಬಸುರಿಗೆ ಗೋಲಿ ಯಾಕೆ? ಜೋಶಾಂದಾ ಕುಡಿಸಿ ಹೊದೆಸಿ ಮಲಗಿಸಿ. ಬೆವರಿದರೆ ಇಳಿಯುತ್ತದೆ" ಎಂದರು ಅಮ್ಮಿ. ಹನ್ನೆರಡು ಹೆರಿಗೆ ಮಾಡಿಸಿದ ಅನುಭವ ಅವರದು. ರಾತ್ರಿ ದಮ್ಮಾಮಿಗೆ ಫೋನು ಹೋಯಿತು. "ಅಮ್ಮಿ ಹೇಳಿದ ಹಾಗೆ ಮಾಡು" ಎಂದು ಅಲ್ಲಿಂದ ಉತ್ತರ. ಸೋಮವಾರ ಸೊಸೆಯ ತವರಿನವರು ಬಂದು, ಕರೆದುಕೊಂಡು ಹೋಗುತ್ತೇವೆ ಎಂದರು. ಹೆಣ್ಣಿನ ಮನೆಯವರು ಬಂದು ಆಸ್ಪತ್ರೆಗೆ ಸೇರಿಸಿದರೆ ಗಂಡಿನ ಮನೆಯ ಮರ್ಯಾದೆ ಏನಾಗಬೇಕು? ಅದರ ಮೇಲೆ ಒಂದು ಸಂಜೆ ಹೋಯಿತು. ಮಂಗಳವಾರ ಅವಳು ಮಾತು ಮುಗಿಸಲಾಗದೆ ಉಸಿರು ಎಳೆಯತೊಡಗಿದಳು. ಹೆಸರು ನೋಂದಾಯಿಸಿದ್ದ ನರ್ಸಿಂಗ್ ಹೋಮಿಗೆ ಹೋದರೆ ಬಾಗಿಲಲ್ಲೇ ತಡೆದರು. ಜ್ವರದವರನ್ನು ಒಳಗೆ ಬಿಡುವುದಿಲ್ಲ, ಉಳಿದ ಬಾಣಂತಿಯರಿಗೆ ತೊಂದರೆ ಎಂದರು. ಆರು ತಿಂಗಳು ಪ್ರತಿ ತಪಾಸಣೆಗೂ ದುಡ್ಡು ಎಣಿಸಿಕೊಂಡ ಜಾಗ ಅದು. ಬುಧವಾರ ಮಧ್ಯಾಹ್ನ, ನಮ್ಮಲ್ಲಿ ಇಬ್ಬರು ಯಾರನ್ನೂ ಕೇಳದೆ ಆಟೋ ಕರೆದು ಅವಳನ್ನು ಜಿಲ್ಲಾ ಆಸ್ಪತ್ರೆಗೆ ಒಯ್ದೆವು.

ಅಲ್ಲಿ ಮಾಸ್ಕ್ ಹಾಕಿದ್ದ ಒಬ್ಬ ಯುವ ವೈದ್ಯೆ ಕೇಳಿದ ಮೊದಲ ಪ್ರಶ್ನೆ ನಮಗೆ ಇನ್ನೂ ನೆನಪಿದೆ. ಎಷ್ಟು ದಿನದಿಂದ ಜ್ವರ ಎಂದು ಅವರು ಕೇಳಲಿಲ್ಲ. "ಎಷ್ಟು ಗಂಟೆಯಾಯಿತು?" ಎಂದರು. ನಾವು ಬೆರಳು ಮಡಿಸಿ ಲೆಕ್ಕ ಹಾಕಿದೆವು. ಎಪ್ಪತ್ತು ಗಂಟೆಯಾಗಿತ್ತು. ಅವರು ಪರೀಕ್ಷೆಯ ವರದಿಗೆ ಕಾಯಲಿಲ್ಲ. ಗಂಟಲ ದ್ರವ ತೆಗೆಸಿ ಕಳುಹಿಸಿ, ಆಗಲೇ ಓಸೆಲ್ಟಾಮಿವಿರ್ ಮಾತ್ರೆ ಶುರು ಮಾಡಿದರು. ಜನರ ಬಾಯಲ್ಲಿ ಅದರ ಹೆಸರು ಟಾಮಿಫ್ಲೂ. ಜ್ವರ ಶುರುವಾದ 48 ಗಂಟೆಗಳ ಒಳಗೆ ಕೊಟ್ಟರೆ ಈ ಮದ್ದು ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾಗಿದ್ದರೂ ಬಸುರಿಗೆ ಕೊಡದೆ ಬಿಡುವುದಿಲ್ಲ. ಭಾರತ ಸರಕಾರದ ಮಾರ್ಗಸೂಚಿಯಲ್ಲೂ ಗರ್ಭಿಣಿಯರು ಹೆಚ್ಚಿನ ಅಪಾಯದ ಗುಂಪಿನಲ್ಲಿದ್ದಾರೆ. ಫ್ಲೂ ಲಕ್ಷಣ ಕಂಡರೆ ಪರೀಕ್ಷೆಗೆ ಕಾಯದೆ ಮದ್ದು ಆರಂಭಿಸಬಹುದು.

ಗಂಟೆಗಳನ್ನು ಎಣಿಸುವುದು ಏಕೆಂದು ನಮಗೆ ತಿಳಿದದ್ದು ಆಮೇಲೆ. ಅಮೆರಿಕದಲ್ಲಿ ಅದೇ 2009ರ ಪ್ರಕರಣಗಳನ್ನು ಕೂಡಿಸಿ ನೋಡಿದಾಗ, ಜನಸಂಖ್ಯೆಯಲ್ಲಿ ಶೇ. 1ರಷ್ಟಿದ್ದ ಗರ್ಭಿಣಿಯರು ಸಾವುಗಳಲ್ಲಿ ಶೇ. 5ರಷ್ಟಿದ್ದರು. ಎರಡು ದಿನಗಳೊಳಗೆ ಮದ್ದು ಸಿಕ್ಕ ಬಸುರಿಯರಿಗೆ ಹೋಲಿಸಿದರೆ, ನಾಲ್ಕು ದಿನ ದಾಟಿದ ಮೇಲೆ ಸಿಕ್ಕವರು ತೀವ್ರ ನಿಗಾ ಘಟಕ ಸೇರುವ ಸಂಭವ ಆರು ಪಟ್ಟು. ಎರಡು ದಿನ ಮತ್ತು ನಾಲ್ಕು ದಿನ! ನಮ್ಮ ಮನೆಗಳಲ್ಲಿ ಒಂದು ಫೋನು, ಒಂದು ಮುನಿಸು, ಒಂದು ಮರ್ಯಾದೆಯ ಪ್ರಶ್ನೆ ತಿಂದುಹಾಕುವಷ್ಟೇ ಸಮಯ ಅದು. ವೈರಸ್ಸಿಗೆ ನಮ್ಮ ಮನೆಯ ಹಿರಿತನ, ಕಿರಿತನ ಗೊತ್ತಾಗುವುದಿಲ್ಲ.

ಛೋಟಿ ದುಲ್ಹನ್ ಒಂಬತ್ತು ದಿನ ಆಮ್ಲಜನಕದ ಮೇಲಿದ್ದಳು. ಹತ್ತನೆಯ ದಿನ ಮಾಸ್ಕ್ ಸರಿಸಿ ಹುಣಸೆ ಚಟ್ನಿ ಬೇಕೆಂದಳು. ಅದರ ಮರುದಿನ ಹೆರಿಗೆಯಾಯಿತು. ದಿನ ತುಂಬಿರಲಿಲ್ಲ, ಒಂದೂವರೆ ಕಿಲೋ ತೂಕದ ಹೆಣ್ಣುಮಗು. ಅಂಗೈಯಗಲದ ಬೆನ್ನು, ಅಳಲೂ ಶಕ್ತಿಯಿಲ್ಲ. ತಾಯಿಯ ಎದೆಗೆ ಬಟ್ಟೆಯಿಂದ ಕಟ್ಟಿ ಮೈಶಾಖ ಕೊಡುವ ಕ್ರಮವನ್ನು ದಾದಿಯರು ಕಲಿಸಿದರು. (ಇಲ್ಲಿ ದಾದಿಯರೆಂದರೆ ಆಸ್ಪತ್ರೆಯ ನರ್ಸುಗಳು. ಉರ್ದು, ಕನ್ನಡ ಎರಡನ್ನೂ ಓದಿದ ನಮಗೆ ಈ ಪದ ಯಾವಾಗಲೂ ಗೊಂದಲವೇ.) ತಾಯಿ ಸುಸ್ತಾದಾಗ ನಾವು ನಾಲ್ವರೂ ಸರದಿಯ ಮೇಲೆ ಎದೆಗೆ ಕಟ್ಟಿಕೊಂಡು ಕುಳಿತೆವು. ಅದೇ ವಾರ್ಡಿನಲ್ಲಿ ಎರಡು ಮಂಚದಾಚೆ ಎಂಟು ತಿಂಗಳ ಒಬ್ಬ ಬಸುರಿ ಇದ್ದಳು, ಬೀಡಿ ಕಟ್ಟುವ ಹೆಂಗಸು. ಆರನೆಯ ದಿನ ತಂದಿದ್ದರು. ಅವಳ ಗಂಡ ಇಫ್ತಾರಿಗೆಂದು ನಾವು ಕೊಟ್ಟ ಖರ್ಜೂರವನ್ನು ಅಂಗೈಯಲ್ಲಿ ಹಿಡಿದು ಕುಳಿತಿದ್ದಾಗ ಒಳಗಿನಿಂದ ಕರೆ ಬಂತು. ತಾಯಿ, ಮಗು ಇಬ್ಬರನ್ನೂ ಒಂದೇ ಬಟ್ಟೆಯಲ್ಲಿ ಒಯ್ದರು.

ತಾಯಿಯ ಫ್ಲೂ ಹೊಟ್ಟೆಯ ಮಗುವಿಗೆ ಏನು ಮಾಡುತ್ತದೆ? ವೈರಸ್ ಮಾಸನ್ನು ದಾಟಿ ಮಗುವನ್ನು ಮುಟ್ಟುವುದು ಅಪರೂಪ. ಮಗುವಿಗೆ ಪೆಟ್ಟು ಬೀಳುವುದು ತಾಯಿಯ ಮೂಲಕ. ಏರಿದ ಜ್ವರ, ಇಳಿದ ಆಮ್ಲಜನಕ, ಮೈತುಂಬ ಹರಡಿದ ಉರಿಯೂತ, ಇವು ಮಾಸಿನ ಕೆಲಸವನ್ನು ಕೆಡಿಸುತ್ತವೆ. ಬ್ರಿಟನ್ನಿನಲ್ಲಿ 2009ರ ಜ್ವರದಿಂದ ಆಸ್ಪತ್ರೆ ಸೇರಿದ 256 ಗರ್ಭಿಣಿಯರನ್ನು ಗಮನಿಸಿದಾಗ, ಸತ್ತು ಹುಟ್ಟಿದ ಅಥವಾ ಹುಟ್ಟಿದ ವಾರದೊಳಗೆ ಸತ್ತ ಮಕ್ಕಳು ಸಾವಿರಕ್ಕೆ 39 ಇದ್ದವು. ಸೋಂಕಿಲ್ಲದ ತಾಯಂದಿರಲ್ಲಿ ಅದು ಸಾವಿರಕ್ಕೆ 7. ಅವಧಿಗೆ ಮುನ್ನ ಹೆರಿಗೆಯೂ ಹೆಚ್ಚಿತ್ತು. ಬಸಿರಿನ ಮೊದಲ ವಾರಗಳ ಕತೆ ಬೇರೆ. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ಸುಮಾರು ನಾಲ್ಕು ವಾರಗಳೊಳಗೆ, ಅಂದರೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಖಾತ್ರಿಯಾಗುವ ಹೊತ್ತಿಗೆ. ಆಗ ಜ್ವರ ತೀವ್ರವಾಗಿ ಏರಿದರೆ ಆ ಕೊಳವೆಯಲ್ಲಿ ದೋಷ ಉಳಿಯುವ ಅಪಾಯ ಸ್ವಲ್ಪ ಹೆಚ್ಚು. ಹಾಗಾಗಿ ಬಸುರಿಯ ಜ್ವರವನ್ನು ಹೊದಿಕೆ ಹೊದೆಸಿ ಬೇಯಿಸಬಾರದು, ಇಳಿಸಬೇಕು. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಜೋಶಾಂದಾ ಗಂಟಲಿಗೆ ಹಿತವೆನಿಸಬಹುದು, ವೈರಸ್ಸಿಗೆ ಅದು ಮದ್ದಲ್ಲ.

ಮಗು ಮನೆಗೆ ಬಂದ ಮೇಲೆ ಬೇರೊಂದು ವಿಚಾರಣೆ ಶುರುವಾಯಿತು. ನೋಡಲು ಬಂದವರೆಲ್ಲ ವಕೀಲರೇ. ಅದೇ ವರ್ಷ ಜುಲೈ 22ರಂದು ಸೂರ್ಯಗ್ರಹಣವಾಗಿತ್ತು. ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿದ್ದಳಂತೆ ಎಂದರು ಒಬ್ಬರು. ಫ್ರಿಜ್ಜಿನ ನೀರು ಕುಡಿದದ್ದು ಎಂದರು ಇನ್ನೊಬ್ಬರು. ಮಗು ನಡೆಯುವುದು ನಾಲ್ಕು ತಿಂಗಳು ತಡವಾದಾಗ ಇದೆಲ್ಲ ಮತ್ತೆ ಮೇಲೆದ್ದಿತು. ಮೂರು ದಿನ ಮನೆಯಲ್ಲಿ ನಡೆದ ಚರ್ಚೆಯ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಹೆತ್ತವಳು ಏನು ಮಾಡಿದಳು ಎಂಬುದೇ ಎಲ್ಲರ ಪ್ರಶ್ನೆ.

ಪತ್ರಿಕೆಗಳೂ ಈ ಕೆಲಸ ಮಾಡುತ್ತವೆ. ಬಸಿರಿನಲ್ಲಿ ತಾಯಿಗೆ ಫ್ಲೂ ಬಂದರೆ ಮಗುವಿಗೆ ದೊಡ್ಡದಾದ ಮೇಲೆ ಬುದ್ಧಿಭ್ರಮಣೆ ಎಂಬಂಥ ತಲೆಬರಹಗಳನ್ನು ನಾವು ಓದಿದ್ದೇವೆ. ಇದರ ಹಿಂದೆ ಸಂಶೋಧನೆ ಇರುವುದು ನಿಜ. 1957ರ ಫ್ಲೂ ಕಾಲದಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಗರ್ಭದಲ್ಲಿದ್ದವರನ್ನು ನೋಡಿ 1988ರಲ್ಲಿ ಕೆಲವರು ಸ್ಕಿಜೋಫ್ರೇನಿಯಾದ ಜೊತೆ ನಂಟು ಕಂಡರು. ನಂತರದ ಅಧ್ಯಯನಗಳಲ್ಲಿ ಕೆಲವು ಅದನ್ನು ಬೆಂಬಲಿಸಿದವು, ಹಲವು ಬೆಂಬಲಿಸಲಿಲ್ಲ. 2006ರಲ್ಲಿ ಡಗ್ಲಸ್ ಆಲ್ಮಂಡ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ಜನಗಣತಿ ದಾಖಲೆ ಹಿಡಿದು, 1918ರ ಜ್ವರದ ಕಾಲದಲ್ಲಿ ಹೊಟ್ಟೆಯಲ್ಲಿದ್ದವರು ಮುಂದೆ ಕಡಿಮೆ ಓದಿದರು, ಕಡಿಮೆ ಗಳಿಸಿದರು, ಹೆಚ್ಚು ಅಂಗವೈಕಲ್ಯಕ್ಕೆ ಒಳಗಾದರು ಎಂದು ತೋರಿಸಿದರು. ಆ ವರ್ಷ ಗಟ್ಟಿಮುಟ್ಟಾದ ಯುವಕರು ಯುದ್ಧಕ್ಕೆ ಹೋಗಿದ್ದರು, ಹಾಗಾಗಿ ಆಗ ತಂದೆಯಾದವರ ಗುಂಪೇ ಬೇರೆ ಎಂದು ಬೇರೆ ವಿದ್ವಾಂಸರು ಆಕ್ಷೇಪಿಸಿದರು. ನಮ್ಮ ದಾದಿ ಆ ಲೆಕ್ಕಕ್ಕೆ ಸಿಗುವವರಲ್ಲ. ಶಾಲೆಯ ಮುಖ ನೋಡದಿದ್ದರೂ ಅಡಿಕೆ ಮಂಡಿಯ ಬಾಕಿಯನ್ನು ಬೆರಳಲ್ಲಿ ಲೆಕ್ಕ ಹಾಕಿ ಗಂಡನ ತಪ್ಪು ಹಿಡಿಯುತ್ತಿದ್ದರು. ಅವರು ಶಾಲೆಗೆ ಹೋಗದೆ ಇದ್ದದ್ದು ಹೊಟ್ಟೆಯಲ್ಲಿ ಕುಡಿದ ಬುಖಾರಿನಿಂದಲ್ಲ, ಹೆಣ್ಣಾದುದರಿಂದ. ದೊಡ್ಡ ಗುಂಪಿನ ಸರಾಸರಿಯಲ್ಲಿ ಕಾಣುವ ಸಣ್ಣ ವ್ಯತ್ಯಾಸವನ್ನು ಒಬ್ಬ ತಾಯಿಯ ಹಣೆಗೆ ಅಂಟಿಸುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ. ಫ್ಲೂ ಬಂದ ಬಹುಪಾಲು ಬಸುರಿಯರು ಸುಧಾರಿಸಿಕೊಂಡು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ನಮ್ಮ ಆ ಒಂದೂವರೆ ಕಿಲೋದವಳು ಈಗ ಕಾಲೇಜಿನ ಮೆಟ್ಟಿಲು ಹತ್ತಿದ್ದಾಳೆ. ಕನ್ನಡಕ ಹಾಕುತ್ತಾಳೆ, ವಿಪರೀತ ಮಾತಾಡುತ್ತಾಳೆ.

ತಡೆಯುವ ದಾರಿ ಇದೆಯೇ ಎಂದರೆ ಇದೆ. ಅದರ ಒಳ್ಳೆಯ ಸಾಕ್ಷ್ಯ ನಮ್ಮ ನೆರೆಯ ಬಾಂಗ್ಲಾದೇಶದಿಂದಲೇ ಬಂದಿದೆ. 2004 ಮತ್ತು 2005ರಲ್ಲಿ ಢಾಕಾದಲ್ಲಿ 340 ಬಸುರಿಯರಲ್ಲಿ ಅರ್ಧ ಮಂದಿಗೆ ಕೊನೆಯ ಮೂರು ತಿಂಗಳಲ್ಲಿ ಫ್ಲೂ ಲಸಿಕೆ ಹಾಕಿದರು, ಉಳಿದವರಿಗೆ ನ್ಯುಮೊಕಾಕಸ್ ಎಂಬ ಬೇರೆ ರೋಗಾಣುವಿನ ಲಸಿಕೆ. ಫ್ಲೂ ಲಸಿಕೆ ಪಡೆದ ತಾಯಂದಿರಲ್ಲಿ ಜ್ವರಸಹಿತ ಉಸಿರಾಟದ ಕಾಯಿಲೆ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಕಡಿಮೆಯಾಯಿತು. ಹೆಚ್ಚು ಗಮನ ಸೆಳೆದದ್ದು ಮಕ್ಕಳ ಸಂಗತಿ. ಹುಟ್ಟಿದ ಮೊದಲ ಆರು ತಿಂಗಳಲ್ಲಿ ಆ ಮಕ್ಕಳಿಗೆ, ಪರೀಕ್ಷೆಯಲ್ಲಿ ಖಚಿತವಾದ ಫ್ಲೂ ಶೇ. 63ರಷ್ಟು ಕಡಿಮೆ ಬಂದಿತ್ತು. ಆರು ತಿಂಗಳು ತುಂಬದ ಮಗುವಿಗೆ ಈ ಲಸಿಕೆ ಕೊಡುವಂತಿಲ್ಲ. ಅದಕ್ಕೆ ಸಿಗುವ ರಕ್ಷಣೆ ಎಂದರೆ ತಾಯಿ ಮಾಸಿನ ಮೂಲಕ, ಆಮೇಲೆ ಎದೆಹಾಲಿನ ಮೂಲಕ ದಾಟಿಸುವ ಪ್ರತಿಕಾಯಗಳು ಮಾತ್ರ. ಢಾಕಾದಲ್ಲಿ ಫ್ಲೂ ಹರಡಿದ್ದ ತಿಂಗಳುಗಳಲ್ಲಿ ಲಸಿಕೆ ಪಡೆದ ತಾಯಂದಿರ ಮಕ್ಕಳು ಸರಾಸರಿ 200 ಗ್ರಾಂ ಹೆಚ್ಚು ತೂಗಿದವು ಎಂದೂ ಕಂಡಿತು. ಈ ತೂಕದ ಮಾತನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು. ನೇಪಾಳದಲ್ಲಿ ಮಾಡಿದಾಗ ವ್ಯತ್ಯಾಸ ಅಲ್ಪವಾಗಿತ್ತು, ದಕ್ಷಿಣ ಆಫ್ರಿಕ ಮತ್ತು ಮಾಲಿ ದೇಶಗಳಲ್ಲಿ ಕಾಣಲೇ ಇಲ್ಲ. ಇನ್ನು ಲಸಿಕೆಯಿಂದ ಬಸಿರು ಇಳಿಯುತ್ತದೆ ಎಂಬ ಭಯ. ನಾರ್ವೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬಸಿರುಗಳ ದಾಖಲೆ ನೋಡಿದಾಗ, ಹೊಟ್ಟೆಯಲ್ಲೇ ಮಗು ಸಾಯುವ ಅಪಾಯ ಹೆಚ್ಚಿದ್ದು ಫ್ಲೂ ಬಂದವರಲ್ಲಿ, ಲಸಿಕೆ ಪಡೆದವರಲ್ಲಿ ಅಲ್ಲ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೂ ಲಸಿಕೆಗೆ ಮೊದಲ ಆದ್ಯತೆ ಗರ್ಭಿಣಿಯರಿಗೆ ಎಂದಿತು.

ನಮ್ಮ ಸಮುದಾಯಕ್ಕೆ ಈ ಲಸಿಕೆ ಹೊಸತೇನಲ್ಲ. ಹಜ್ ಯಾತ್ರೆಗೆ ಹೊರಟ ಹಿರಿಯರು ಶಿಬಿರದಲ್ಲಿ ಸಾಲಾಗಿ ನಿಂತು, ತೋಳು ಮಡಿಸಿ ಚುಚ್ಚಿಸಿಕೊಂಡು ಬರುತ್ತಾರೆ. ಮೆದುಳುಜ್ವರದ ಲಸಿಕೆ ಕಡ್ಡಾಯ, ವಯಸ್ಸಾದವರಿಗೆ ಫ್ಲೂ ಲಸಿಕೆಯೂ ಉಂಟು. ಯಾರೂ ತಕರಾರು ತೆಗೆಯುವುದಿಲ್ಲ. 2009ರಲ್ಲಿ ಸೌದಿಯ ಆರೋಗ್ಯ ಇಲಾಖೆ ಗರ್ಭಿಣಿಯರಿಗೆ ಆ ವರ್ಷದ ಹಜ್ ಮುಂದೂಡುವಂತೆ ಸಲಹೆಯನ್ನೂ ನೀಡಿತ್ತು. ಮಾವನಿಗೆ ಹಾಕಿಸುವ ಲಸಿಕೆ ಸೊಸೆಗೆ ಮಾತ್ರ ಅಪಾಯಕಾರಿಯಾಗುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಹಿರಿಯ ಸೊಸೆ ಒಮ್ಮೆ ಊಟದ ದಸ್ತರಖ್ವಾನಿನಲ್ಲೇ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ, ಪಲ್ಯದ ಬಟ್ಟಲು ಮುಂದೆ ಸರಿಯಿತು.

ಭಯ ಒಂದೇ ಅಡ್ಡಿಯಲ್ಲ, ದುಡ್ಡೂ ಅಡ್ಡಿ. ತಾಯಿ ಕಾರ್ಡಿನಲ್ಲಿ ಬರೆಯುವ ಧನುರ್ವಾಯು ಮತ್ತು ಡಿಫ್ತೀರಿಯಾದ ಚುಚ್ಚುಮದ್ದು ಉಚಿತ. ಫ್ಲೂ ಲಸಿಕೆ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ಹೊರಗೆ ಹಾಕಿಸಿದರೆ ಸಾವಿರಕ್ಕೂ ಮೇಲೆ ಬೀಳುತ್ತದೆ. ಬೀಡಿ ಕಟ್ಟುವವಳಿಗೆ, ಅಗರಬತ್ತಿ ಹೊಸೆಯುವವಳಿಗೆ ಅದು ಎಷ್ಟು ದಿನದ ಕೂಲಿ? ಪಕ್ಕದ ಮಹಾರಾಷ್ಟ್ರ 2015ರಲ್ಲೇ ಗರ್ಭಿಣಿಯರಿಗೆ ಇದನ್ನು ಉಚಿತವಾಗಿ ಕೊಡಲು ಆರಂಭಿಸಿತು. ಪುಣೆಯ ಸಾವುಗಳನ್ನು ಕಂಡ ರಾಜ್ಯ ಅದು. ಎಚ್‌1ಎನ್‌1 ಆಗ ಬಂದು ಹೋದದ್ದಲ್ಲ, ಸಾಮಾನ್ಯ ಫ್ಲೂ ಆಗಿ ನಮ್ಮೊಡನೆ ಉಳಿದಿದೆ. ನಮ್ಮ ದೇಶದಲ್ಲಿ ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್ ನಡುವೆ ಮತ್ತೊಮ್ಮೆ ಫ್ಲೂ ಏರುತ್ತದೆ. ಕೋವಿಡ್ ಸಮಯದಲ್ಲೂ ಇದೇ ಆಯಿತು. ಜನವರಿ 2021ರಲ್ಲಿ ಲಸಿಕೆ ಶುರುವಾದರೂ ಬಸುರಿಯರಿಗೆ ಅನುಮತಿ ಸಿಕ್ಕಿದ್ದು ಜುಲೈ 2ರಂದು. ಎರಡನೆಯ ಅಲೆ ಆಗಲೇ ನಮ್ಮ ಬೀದಿಗಳನ್ನು ಗುಡಿಸಿಕೊಂಡು ಹೋಗಿತ್ತು. ಬಸುರಿಗೆ ಏನೂ ಕೊಡಬಾರದು ಎಂಬ ಅಡುಗೆಮನೆಯ ಕಾನೂನು ದೊಡ್ಡ ಕಚೇರಿಗಳಲ್ಲೂ ನಡೆಯುತ್ತದೆ.

ನಮ್ಮ ಹಿರಿಯ ಸೊಸೆಯ ಮಗಳು ಈಗ ಐದು ತಿಂಗಳ ಬಸುರಿ, ಕೊಟ್ಟಿರುವುದು ದಾವಣಗೆರೆಗೆ. ಅವಳ ಅತ್ತೆಯ ಜೊತೆ ಈ ವಿಷಯ ಮಾತಾಡುವವರು ಯಾರು ಎಂದು ನಮ್ಮೈವರಲ್ಲಿ ಚರ್ಚೆಯಾಯಿತು. ಕೊನೆಗೆ ಛೋಟಿ ದುಲ್ಹನ್ ಫೋನು ತೆಗೆದುಕೊಂಡಳು. "ಸಮ್ಧನ್, ಡಾಕ್ಟರಮ್ಮ ಚೀಟಿ ಬರೆದುಕೊಟ್ಟಿದ್ದಾರಂತಲ್ಲ, ಹಾಕಿಸಿದಿರಾ?" ಎಂದು ಶುರು ಮಾಡಿ, ಜ್ವರ ಕಂಡ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು, ಉಸಿರು ಕಟ್ಟಿದರೆ, ಎದೆ ನೋವೆಂದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ರಾತ್ರಿಯಾದರೂ ಸರಿ ಎಂದೆಲ್ಲ ಹೇಳಿದಳು. ಹೆರಿಗೆಯ ನಂತರ ತಾಯಿಗೆ ಫ್ಲೂ ಬಂದರೂ ಮಾಸ್ಕ್ ಕಟ್ಟಿಕೊಂಡು, ಕೈ ತೊಳೆದು ಎದೆಹಾಲು ಕೊಡಬಹುದು, ನಿಲ್ಲಿಸಬಾರದು ಎಂದಳು. ಆಚೆಯವರು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ, "ಚುಚ್ಚಿದ ಮೇಲೆ ಜ್ವರ ಬರುತ್ತದೆಯೇ?" ಎಂದು ಕೇಳಿದರು.

"ಒಂದೆರಡು ದಿನ ತೋಳು ನೋಯುತ್ತದೆ. ಕೆಲವರಿಗೆ ಸ್ವಲ್ಪ ಮೈ ಬೆಚ್ಚಗಾಗಬಹುದು, ಅಷ್ಟೇ."

"ಹಾಗಾದರೆ ಶುಕ್ರವಾರ ಬೇಡ, ಮನೆಗೆ ಜನ ಬರುತ್ತಾರೆ. ಶನಿವಾರ ಕರೆದುಕೊಂಡು ಹೋಗುತ್ತೇನೆ. ದುಡ್ಡು ನೀವು ಕಳುಹಿಸಬೇಡಿ, ನಮ್ಮ ಸೊಸೆ ಅವಳು" ಎಂದರು.